ಕಾಲಿಗೆ ಬಿಟ್ಟ ಜಾಗ

ಪೈಪಿನೊಳಗೆ ಮರಳು ತುಂಬದೆ ಬಗ್ಗಿಸಿದರೆ ತಿರುವಿನಲ್ಲಿ ಅದು ನಗ್ಗಿಬಿಡುತ್ತದೆ. ಶಾಲೆ ಬಿಟ್ಟು ಚಿಕ್ಕಪ್ಪನ ವೆಲ್ಡಿಂಗ್ ಶೆಡ್ಡಿಗೆ ಬಂದ ಮೇಲೆ ನಾನು ಕಲಿತ ಮೊದಲ ಕೆಲಸ ಅದು. ಅಕ್ಕನ ಬೈಕಿನ ಹಿಂಬದಿಗೆ ಸಾಮಾನಿನ ಪೆಟ್ಟಿಗೆ ಕೂರಿಸುವ ರ‍್ಯಾಕಿಗೂ ಹಾಗೇ ಮರಳು ತುಂಬಿ, ಎರಡೂ ತುದಿಗೆ ಮರದ ಬಿರಡೆ ಬಡಿದು, ಕಾಯಿಸಿ ನಿಧಾನವಾಗಿ ಬಗ್ಗಿಸಿದೆ.

ಅಕ್ಕ ಎಂದರೆ ಚಿಕ್ಕಪ್ಪನ ಮಗಳು. ಒಂದೇ ಕೋಣೆಯಲ್ಲಿ, ಒಂದೇ ಹೊದಿಕೆ ಎಳೆದಾಡುತ್ತ ಬೆಳೆದವರು ನಾವು. ಅವಳು ಬಾಯಿ ತೆರೆದರೆ ಮುಚ್ಚುವವಳಲ್ಲ. ನನ್ನನ್ನು ಕರೆಯುವುದೇ ಮೂಗಿ ಎಂದು. ಈಗ ಕಲ್ಲುಮಣ್ಣಿನ ದಾರಿಯಲ್ಲಿ ಓಡುವಂಥ ಹಳೆಯ ಬೈಕೊಂದನ್ನು ಕೊಂಡಿದ್ದಳು. ಕೆಲಸ ಬಿಟ್ಟು, ಬೆಟ್ಟಗಳ ಆಚೆ, ದಾರಿ ಇರುವಷ್ಟು ದೂರ ಹೋಗಿಬರುವವಳಿದ್ದಳು. ಇಲ್ಲಿಯವರೆಗೆ ಅವಳು ಯಾವ ಗಾಡಿ ತಂದರೂ ಹಿಂದಿನ ಸೀಟು ನನ್ನದೇ. ಈ ಸಲವೂ ಕರೆದಾಳು ಎಂದು ಕಾದೆ. ಕರೆಯಲಿಲ್ಲ. ಕೇಳಲು ನನಗೆ ಬಾಯಿ ಬರಲಿಲ್ಲ.

ಹಾಗಾಗಿ ರ‍್ಯಾಕನ್ನು ಒಂದು ಗೇಣು ಹಿಂದಕ್ಕೆ ಕೂರಿಸಿದೆ. ಎರಡು ಬದಿಯ ಪೆಟ್ಟಿಗೆಗಳು ಹಿಂದೆ ಕೂತವರ ಕಾಲಿಗೆ ತಾಗಬಾರದಲ್ಲ.

ಚಿಕ್ಕಪ್ಪ ಬಗ್ಗಿ ನೋಡಿದರು. "ಇದೇನೇ, ಪೆಟ್ಟಿಗೆ ಹೋಗಿ ಬಾಲದ ಮೇಲೆ ಕೂತಿದೆ?"

"ಹಿಂದೆ ಕೂತವ್ರಿಗೆ ಕಾಲಿಡೋಕೆ."

"ಯಾರು ಕೂರೋರು? ದೆವ್ವಾನಾ?"

ಗ್ರೈಂಡರ್ ಚಾಲೂ ಮಾಡಿದೆ.

ಸಂಜೆ ಅಕ್ಕ ಪೆಟ್ಟಿಗೆಗಳಿಗೆ ಗುಜರಿ ಕಬ್ಬಿಣ ತುಂಬಿ, ಬೈಕನ್ನು ಶೆಡ್ಡಿನ ಹಿಂದಿನ ದಿಬ್ಬ ಹತ್ತಿಸಿದಳು. ಅರ್ಧಕ್ಕೆ ಹೋಗುವಷ್ಟರಲ್ಲಿ ಮುಂದಿನ ಚಕ್ರ ಮೇಲೆದ್ದಿತು. ಹೇಗೋ ಕಾಲೂರಿ ನಿಂತು, ನನ್ನ ಕಡೆ ತಿರುಗಿ ನಕ್ಕಳು.

"ಬೈಕಿಗೆ ರ‍್ಯಾಕ್ ಮಾಡು ಅಂದ್ರೆ ಕುದುರೆ ಮಾಡಿಟ್ಟಿದೀಯಲ್ಲೇ ಮೂಗಿ! ಮುಂಗಾಲೆತ್ತಿ ನಿಲ್ಲುತ್ತೆ. ಭಾರ ಮುಂದಕ್ಕೆ ಬರಬೇಕು. ಹಿಂದಿನ ಫುಟ್‌ರೆಸ್ಟು ಅಡ್ಡ ಬರುತ್ತೆ, ಕತ್ತರಿಸಿ ಹಾಕು."

"ಅದನ್ನ ಕತ್ತರಿಸಿದ್ರೆ ನಾನೆಲ್ಲಿ ಕಾಲಿಡ್ಲಿ?"

ಮಾತು ಬಾಯಿಂದ ಬಿದ್ದುಹೋಗಿತ್ತು. ಅಕ್ಕನ ನಗು ನಿಂತಿತು. ಕೈಗವಸು ಕಳಚಿ, ಟ್ಯಾಂಕಿನ ಮೇಲಿನ ಧೂಳನ್ನು ಸುಮ್ಮನೆ ಒರೆಸಿದಳು.

"ನೀನು ಬರ್ತೀನಿ ಅಂತ ಹೇಳೇ ಇಲ್ವಲ್ಲೇ."

"ಈಗ ಹೇಳಿದ್ನಲ್ಲ."

ಅವಳು ಕೈಗವಸನ್ನು ಮತ್ತೆ ಹಾಕಿಕೊಂಡು, ಮತ್ತೆ ಕಳಚಿದಳು.

"ನಾನು ಎಲ್ಲಿಗೆ ಹೋದ್ರೂ ಯಾರಾದ್ರೂ ಜೊತೆಗೆ ಇದ್ದೇ ಇರ್ತಾರೆ ಕಣೇ. ಅಪ್ಪನೋ, ನೀನೋ. ಒಂದೇ ಒಂದು ಸಲ ಒಬ್ಳೇ ಹೋಗಿ ನೋಡ್ಬೇಕು. ಬೇಜಾರಾಯ್ತಾ?"

"ಇಲ್ಲ."

"ಸುಳ್ಳು ಹೇಳೋಕೆ ಮಾತ್ರ ತಡ ಮಾಡಲ್ಲ ನೀನು," ಎಂದು ನನ್ನ ಜಡೆ ಎಳೆದಳು. ಎಳೆತದಲ್ಲಿ ಎಂದಿನ ಜೋರಿರಲಿಲ್ಲ.

ಮರುದಿನ ಫುಟ್‌ರೆಸ್ಟುಗಳನ್ನು ಬುಡಕ್ಕೇ ಕತ್ತರಿಸಿ, ಆ ಜಾಗವನ್ನು ಉಜ್ಜಿ ನಯ ಮಾಡಿದೆ. ರ‍್ಯಾಕನ್ನು ಮುಂದಕ್ಕೆ ತಂದೆ. ಈ ಬೈಕುಗಳ ಹಿಂದಿನ ಚೌಕಟ್ಟು ಬಡಕಲು. ರ‍್ಯಾಕಿನ ಎರಡು ಬದಿಗಳ ನಡುವೆ ಅಡ್ಡಪಟ್ಟಿ ಬೆಸೆಯದಿದ್ದರೆ ಹಳ್ಳದಿಣ್ಣೆಗೆ ಬಿರುಕುಬಿಡುತ್ತದೆ. ಬೆಸೆದೆ. ಸೈಲೆನ್ಸರಿನ ಬಿಸಿಗೆ ಪೆಟ್ಟಿಗೆ ಸುಡದಂತೆ ಒಂದು ತಗಡು ಕಟ್ಟಿದೆ. ಅವಳು ಯಾವುದೋ ಊರಾಚೆ ಒಬ್ಬಳೇ ನಿಂತು ಮುರಿದ ಪೈಪು ನೋಡುವಂತಾಗಬಾರದು ಎಂಬುದಷ್ಟೇ ತಲೆಯಲ್ಲಿತ್ತು. ಚಿಕ್ಕಪ್ಪ ರ‍್ಯಾಕಿನ ಮೇಲೆ ಹತ್ತಿ ನಿಂತು ಕುಣಿದರು. ಅಲುಗಲಿಲ್ಲ.

ಹೊರಡುವಾಗ ಅಕ್ಕ ಹೆಲ್ಮೆಟ್ಟಿನೊಳಗಿಂದ ಕೂಗಿದಳು. "ಫೋನ್ ಮಾಡಿದಾಗ ಮಾತಾಡ್ಬೇಕು! ಬರೀ ಹ್ಞೂಂ ಅಂದ್ರೆ ವಾಪಸ್ ಬಂದು ಒದೀತೀನಿ!"

"ಹ್ಞೂಂ," ಎಂದೆ.

ಸಡಿಲ ರ‍್ಯಾಕಾದರೆ ಮೊದಲ ಗುಂಡಿಯಲ್ಲೇ ಗಡಗಡ ಅನ್ನುತ್ತದೆ; ಅಂದರೆ ಬಿಗಿಸಲು ಬೈಕನ್ನು ಹಿಂದಕ್ಕೆ ತರಲೇಬೇಕು. ರಸ್ತೆಯ ತಿರುವಿನಲ್ಲಿ ದೊಡ್ಡ ಗುಂಡಿಯಿತ್ತು. ನಾನು ಬಾಗಿಲಲ್ಲಿ ಕಿವಿಗೊಟ್ಟು ನಿಂತೆ. ಬೈಕು ಇಳಿದು ಏರಿತು. ಎಂಜಿನ್ನಿನ ಸದ್ದು ಬಿಟ್ಟು ಏನೂ ಕೇಳಲಿಲ್ಲ.

"ಚೆನ್ನಾಗಿ ಕೂತಿದೆ ಬಿಡು," ಎಂದು ಚಿಕ್ಕಪ್ಪ ಒಳಗೆ ಹೋದರು.

ಸ್ವಲ್ಪ ಹೊತ್ತಿಗೆ ಎಂಜಿನ್ನೂ ಕೇಳಿಸದಾಯಿತು. ನಾನು ಮಾತ್ರ ಇನ್ನೂ ಗಡಗಡ ಸದ್ದಿಗೆ ಕಾಯುತ್ತಲೇ ಇದ್ದೆ.