ನಾಲ್ಕು ದಿನಕ್ಕೊಂದು ಸೋಪು

ಆ ಅಡುಗೆಮನೆಯ ನೆಲದ ಮೇಲೊಂದು ಕೆಂಪು ಗೆರೆ ಇತ್ತು. ಬಾಗಿಲಿಗೆ ಬಳಿದು ಉಳಿದ ಬಣ್ಣದಲ್ಲಿ ದೊಡ್ಡವಳ ಗಂಡ ಎಳೆದದ್ದು. ಗೆರೆಯ ಈಚೆ ಚಿಕ್ಕವಳ ಒಲೆ, ಚಿಕ್ಕವಳ ನಲ್ಲಿ, ಚಿಕ್ಕವಳ ಪೊರಕೆ. ಆಚೆ ದೊಡ್ಡವಳ ಒಲೆ, ದೊಡ್ಡವಳ ನಲ್ಲಿ, ಪಾತ್ರೆ ಬೋರಲು ಹಾಕುವ ಹಲಗೆ, ಜೊತೆಗೆ ಆ ಕೋಣೆಗಿದ್ದ ಒಂದೇ ಒಂದು ಕಿಟಕಿ.

ಅಣ್ಣನ ಹೆಂಡತಿ ದೊಡ್ಡವಳು, ತಮ್ಮನ ಹೆಂಡತಿ ಚಿಕ್ಕವಳು. ಈ ಇಬ್ಬರು ವಾರಗಿತ್ತಿಯರು ನಾಲ್ಕು ವರ್ಷದಿಂದ ಒಬ್ಬರ ಮುಖ ನೋಡಿ ಒಬ್ಬರು ಮಾತಾಡಿರಲಿಲ್ಲ. ಹಾಗಂತ ಮಾತಿಗೇನೂ ಬರ ಇರಲಿಲ್ಲ. ದೊಡ್ಡವಳು ಹೇಳಬೇಕಾದ್ದನ್ನೆಲ್ಲ ತನ್ನ ಬಾಣಲೆಗೆ ಹೇಳುತ್ತಿದ್ದಳು.

"ನೋಡಿದ್ಯಾ ಬಾಣಲೆ, ಹಾಲು ಉಕ್ಕಿ ನೆಲಕ್ಕೆ ಹರಿದರೂ ಕೆಲವರಿಗೆ ಮೈಮೇಲೆ ಎಚ್ಚರ ಇರಲ್ಲ."

ಚಿಕ್ಕವಳು ಪೊರಕೆಗೆ ಉತ್ತರ ಕೊಡುತ್ತಿದ್ದಳು. "ಬಿಡು ಪೊರಕೆ, ಮೂಗು ಉದ್ದ ಇದ್ದೋರಿಗೆ ಪಕ್ಕದ ಒಲೆ ವಾಸನೆನೇ ಮೊದಲು ಹತ್ತೋದು."

"ಯಾರ ಹತ್ರ ಮಾತಾಡ್ತಿದ್ದೀಯೇ?" ಎಂದು ಗಂಡ ಹೊರಗಿನಿಂದ ಕೇಳಿದರೆ, "ಪೊರಕೆ ಹತ್ರ. ನಿಮಗಿಂತ ಚೆನ್ನಾಗಿ ಕೇಳಿಸ್ಕೊಳುತ್ತೆ" ಅನ್ನುತ್ತಿದ್ದಳು.

ನಗು ಬರುವಂಥ ಜಗಳವೇ. ಆದರೆ ಅದರ ಬುಡದಲ್ಲಿ ನಗುವಂಥದ್ದೇನೂ ಇರಲಿಲ್ಲ. ಚಿಕ್ಕವಳ ಎರಡನೆಯ ಮಗು ಐವತ್ತು ದಿನ ಬದುಕಿ ಹೋಗಿತ್ತು. ಮರುದಿನ, ಬಂದವರೆಲ್ಲ ಗೋಡೆಗೊರಗಿ ಸುಮ್ಮನೆ ಕೂತಿದ್ದಾಗ, ದೊಡ್ಡವಳು ನೆಲ ನೋಡುತ್ತಾ ಅಂದಿದ್ದಳು: "ಕೈ ತೊಳೀದೆ ಹಸುಗೂಸನ್ನ ಮುಟ್ಟಿದ್ರೆ ಹೀಗೇ ಆಗೋದು."

ಅಷ್ಟೇ ಮಾತು. ಚಿಕ್ಕವಳ ಎದೆಯಲ್ಲಿ ಅದು ಮುರಿದ ಮುಳ್ಳಿನಂತೆ ಉಳಿದುಹೋಯಿತು. ಆ ವಾರವೇ ಅವಳು ದೇವರ ಪಟವನ್ನು ಗೋಡೆಯಿಂದ ಇಳಿಸಿ ಟ್ರಂಕಿನ ತಳಕ್ಕೆ ಹಾಕಿದಳು. ಮಗುವನ್ನು ಉಳಿಸು ಎಂದರೆ ಅದನ್ನೂ ಮಾಡದವನ ಮುಂದೆ ದಿನಾ ಕಣ್ಣು ಮುಚ್ಚಿ ನಿಲ್ಲಲು ತಾನೇನು ದಡ್ಡಿಯೇ?

ಬಣ್ಣ ಅವಳ ಕೈಗೆ ಬಂದದ್ದು ಅದಾದ ಎರಡು ವರ್ಷಕ್ಕೆ. ಶಾಲೆಗೆ ಹೋಗುವ ಮಗಳು ತನ್ನ ಬಣ್ಣದ ಡಬ್ಬಿಯನ್ನು ಕಸಕ್ಕೆ ಹಾಕಲು ಹೊರಟಿದ್ದಳು. ಕೆಂಪು, ನೀಲಿ, ಹಸಿರು ಎಲ್ಲ ಮುಗಿದು ಕಂದು, ಕಪ್ಪು, ಬೂದಿ, ಮಣ್ಣಿನ ಹಳದಿ ಹಾಗೇ ಉಳಿದಿದ್ದವು. ಮಕ್ಕಳಿಗೆ ಯಾರಿಗೂ ಬೇಡದ ಬಣ್ಣಗಳು. ಚಿಕ್ಕವಳು ನೋಡಿದಳು, ತನ್ನ ಅಡುಗೆಮನೆ ಇರುವುದೇ ಆ ಬಣ್ಣಗಳಲ್ಲಿ. ಗಂಡ ಕೆಲಸ ಮಾಡುವ ಬಟ್ಟೆ ಅಂಗಡಿಯಿಂದ, ಅಂಗಿಯ ಮಡಿಕೆಯೊಳಗೆ ಇಡುವ ರಟ್ಟು ಬೇಕಾದಷ್ಟು ಬರುತ್ತಿತ್ತು. ಅವಳು ಮೊದಲು ಬರೆದದ್ದು ಹಾಲಿನ ಪಾತ್ರೆ. ಮಗಳು ನೋಡಿ, "ಟೋಪಿ ಚೆನ್ನಾಗಿದೆ ಅಮ್ಮ" ಅಂದಳು.

ಆದರೂ ಬಿಡಲಿಲ್ಲ. ಎಲ್ಲರೂ ಹೊರಟ ಮೇಲೆ, ಅನ್ನಕ್ಕಿಡುವ ಮೊದಲು ಸಿಗುತ್ತಿದ್ದ ಒಂದು ಗಂಟೆ ಅವಳದು. ಆಚೆ ಕಿಟಕಿಯ ಬಿಸಿಲು ಗೆರೆ ದಾಟಿ ಇವಳ ನೆಲಕ್ಕೆ ಬರುತ್ತಿದ್ದುದೂ ಅದೇ ಹೊತ್ತಿಗೆ. ಸುಟ್ಟ ಹಿಡಿಬಟ್ಟೆ, ಅರ್ಧ ಸುಲಿದ ಈರುಳ್ಳಿ, ಹಿಡಿ ಸಡಿಲವಾದ ಚಾಕು, ಹೀಗೆ ಕಂಡದ್ದನ್ನು ಕಂಡ ಹಾಗೆ ಬರೆಯುತ್ತಿದ್ದಳು. ಒಂದು ದಿನ ಈರುಳ್ಳಿಯ ಮುಂದೆ ಕೂತಿದ್ದಾಗ ಅವಳಿಗೆ ಹೊಳೆಯಿತು: ತಾನು ಇದರ ಹತ್ತಿರ ಏನನ್ನೂ ಕೇಳುತ್ತಿಲ್ಲ. ಇಷ್ಟು ವರ್ಷ ದೇವರ ಮುಂದೆ ನಿಂತಾಗಲೆಲ್ಲ ಅದು ಕೊಡು, ಇದು ಕೊಡು, ಅದನ್ನು ತೆಗೀಬೇಡ ಎಂದೇ ಕೇಳಿದ್ದಳು. ಇಲ್ಲಿ ಸುಮ್ಮನೆ ನೋಡುವುದು, ಅಷ್ಟೇ. ನೋಡುತ್ತಾ ಹೋದರೆ ಈರುಳ್ಳಿಯ ಒಣ ಸಿಪ್ಪೆಯೊಳಗೂ ಯಾರೋ ದೀಪ ಹಚ್ಚಿಟ್ಟ ಹಾಗಿತ್ತು. ಇದನ್ನು ಪ್ರಾರ್ಥನೆ ಅನ್ನಲು ಅವಳಿಗೆ ಮನಸ್ಸು ಬರಲಿಲ್ಲ, ದೇವರ ಮೇಲೆ ಸಿಟ್ಟು ಇನ್ನೂ ಇತ್ತಲ್ಲ. ಆದರೆ ಬೆಳಿಗ್ಗೆ ಏಳಲು ಅವಳಿಗೊಂದು ಕಾರಣ ಸಿಕ್ಕಿತ್ತು.

ಹೀಗಿರುವಾಗ ಅಣ್ಣ ತಮ್ಮ ಕೂತು ಅಡುಗೆಮನೆಗೆ ಗೋಡೆ ಎಬ್ಬಿಸುವುದೆಂದು ತೀರ್ಮಾನಿಸಿದರು. ಗಾರೆಯವನು ಮುಂದಿನ ಸೋಮವಾರ ಬರುವುದೆಂದಾಯಿತು. ಕೆಂಪು ಗೆರೆಯ ಮೇಲೇ ಗೋಡೆ, ಸೂರಿನವರೆಗೆ.

"ಕಿಟಕಿ?" ಎಂದಳು ಚಿಕ್ಕವಳು.

"ಕಿಟಕಿ ಅವರ ಕಡೆ ಇದೆ. ನಮಗೊಂದು ದೊಡ್ಡ ಬಲ್ಬ್ ಹಾಕಿಸ್ತೀನಿ, ಬಿಡು" ಎಂದ ಗಂಡ.

ಬಲ್ಬಿನ ಕೆಳಗೆ ಎಲ್ಲಕ್ಕೂ ಒಂದೇ ಬಣ್ಣ, ಕಾಮಾಲೆ ಬಂದವರ ಹಾಗೆ. ತನ್ನನ್ನು ಎತ್ತಿ ನಿಲ್ಲಿಸಿದ್ದ ಆ ಒಂದು ಗಂಟೆಗೆ ಸಿಮೆಂಟು ಬೀಳುತ್ತದೆ. ಬೆಳಕಿಗೊಂದು ದಾರಿ ಬಿಡಿ ಎಂದು ಕೇಳಬಹುದಿತ್ತು. ಯಾರನ್ನು ಕೇಳುವುದು? ಅವಳನ್ನೇ? ಅದಕ್ಕಿಂತ ಕತ್ತಲೇ ವಾಸಿ.

ಇರುವ ಒಂದು ವಾರದಲ್ಲಿ ಇಡೀ ಅಡುಗೆಮನೆಯನ್ನು ಒಂದೇ ರಟ್ಟಿನಲ್ಲಿ ಬರೆದಿಟ್ಟುಕೊಳ್ಳಬೇಕು ಎಂದು ಹಟ ಹಿಡಿದಳು. ಮೊದಲ ದಿನವೇ ತೊಡಕು ಬಂತು. ಬೆಳಕು ಹುಟ್ಟುವುದು ಆಚೆ ಕಡೆ. ಕಿಟಕಿ ಬರೆಯದೆ ನೆಲದ ಬಿಸಿಲು ಬರೆದರೆ, ಅಲ್ಲಿ ಯಾರೋ ಹಳದಿ ನೀರು ಚೆಲ್ಲಿದ ಹಾಗೆ ಕಾಣುತ್ತಿತ್ತು. ಹಲ್ಲು ಕಚ್ಚಿಕೊಂಡು ಗೆರೆಯಾಚೆಯದನ್ನೂ ಬರೆಯತೊಡಗಿದಳು. ಬೋರಲು ಹಾಕಿದ ಪಾತ್ರೆಗಳು, ಆ ಹಾಳು ಬಾಣಲೆ, ನಲ್ಲಿ, ನಲ್ಲಿಯ ಪಕ್ಕದ ಬಟ್ಟಲಿನಲ್ಲಿ ಸೋಪು.

ಸೋಪು ತಂಟೆ ಮಾಡಿತು. ಸೋಮವಾರ ಬರೆದಾಗ ಹೊಸದು, ಅಂಚು ಚೂಪಾಗಿತ್ತು. ಮಂಗಳವಾರ ನೋಡಿದರೆ ದುಂಡಗಾಗಿತ್ತು. ಒದ್ದೆ ಕುಂಚದಿಂದ ಅಳಿಸಿ ಮತ್ತೆ ಬರೆದಳು. ಬುಧವಾರ ಅದು ಎಲೆಯಷ್ಟು ತೆಳ್ಳಗಾಗಿತ್ತು. ಗುರುವಾರ ಉಗುರಿನಷ್ಟು. ಶುಕ್ರವಾರ ಹೊಸ ಸೋಪು ಬಂತು. "ಸೋಪು ತಿಂತಾಳಾ ಹೇಗೆ?" ಎಂದು ಪೊರಕೆಗೆ ಹೇಳಿದವಳು ಹಾಗೇ ತಡೆದು ನಿಂತಳು. ಇವಳ ಸೋಪು ಒಂದು ತಿಂಗಳು ಬರುತ್ತಿತ್ತು.

ಅವತ್ತು ಕುಂಚ ಕೆಳಗಿಟ್ಟು ದೊಡ್ಡವಳನ್ನೇ ನೋಡುತ್ತಾ ಕೂತಳು. ದೊಡ್ಡವಳು ಒಳಗೆ ಬಂದಳು, ಕೈ ತೊಳೆದಳು. ಒಲೆ ಹಚ್ಚಿದಳು, ಕೈ ತೊಳೆದಳು. ಅವಳ ಮಗ ಬಂದು ನೀರು ಕೇಳಿದ. ಲೋಟ ಮುಟ್ಟುವ ಮೊದಲು ಮೊಣಕೈಯವರೆಗೆ ಉಜ್ಜಿ ಉಜ್ಜಿ ತೊಳೆದಳು. ಬೆರಳ ಗೆಣ್ಣುಗಳು ಬಿರಿದು ಕೆಂಪಗಿದ್ದವು. ನಾಲ್ಕು ವರ್ಷ ಒಂದೇ ಕೋಣೆಯಲ್ಲಿದ್ದೂ ಚಿಕ್ಕವಳು ಆ ಕೈ ನೋಡಿರಲಿಲ್ಲ. ನೋಡಬಾರದೆಂದು ಆಣೆ ಇಟ್ಟುಕೊಂಡವಳಿಗೆ ಕಾಣುವುದಾದರೂ ಹೇಗೆ?

ಅವಳಿಗೆ ಮರುಕ ಬರಲಿಲ್ಲ. ಸಿಟ್ಟು ಬಂತು. ಇಷ್ಟು ದಿನ ಸಾಕಿ ಬೆಳೆಸಿದ ದ್ವೇಷವನ್ನು ಯಾರೋ ಕೈಯಿಂದ ಕಿತ್ತುಕೊಂಡ ಹಾಗಾಯಿತು.

ಶನಿವಾರ ರಟ್ಟನ್ನು ಒಣಗಲು ಗೋಡೆಗೊರಗಿಸಿ ಬಟ್ಟೆ ಹರವಲು ಹೋಗಿದ್ದಳು. ಬರುವಷ್ಟರಲ್ಲಿ ದೊಡ್ಡವಳು ಅದನ್ನು ಕೈಯಲ್ಲಿ ಹಿಡಿದು ಗೆರೆಯ ಮೇಲೇ ನಿಂತಿದ್ದಳು.

"ಯಾರನ್ನ ಕೇಳಿ ನನ್ನ ಕಡೇದೆಲ್ಲ ಬರ್ದೆ?" ಬಾಣಲೆಯನ್ನು ಕೇಳಲಿಲ್ಲ. ಇವಳನ್ನೇ ಕೇಳಿದಳು. "ನನ್ನ ಪಾತ್ರೆ, ನನ್ನ ಮಸಿಬಟ್ಟೆ, ಸೋಪೂ ಬಿಟ್ಟಿಲ್ವಲ್ಲೇ ಮಹಾರಾಯ್ತಿ! ಅಳಿಸು."

"ಅಳಿಸಿದ್ರೆ ಬೆಳಕು ಹೋಗುತ್ತೆ."

"ಹೋಗ್ಲಿ. ನಿನ್ನ ಕಣ್ಣು ಬಿದ್ದ ಬೆಳಕು ನನಗೂ ಬೇಡ."

"ನಿಮ್ಮ ಸೋಪು ನಾಲ್ಕು ದಿನಕ್ಕೆ ಮುಗಿಯುತ್ತೆ ಅಕ್ಕ."

ದೊಡ್ಡವಳ ಮುಖ ಬಿಳಿಚಿತು. "ಕಾವಲು ಕೂತಿದ್ದೀಯಾ?"

"ಕಾವಲಲ್ಲ. ಬರೀತಾ ಇದ್ದೆ, ಕಾಣಿಸ್ತು."

ದೊಡ್ಡವಳು ಜಗಳದ ದನಿಯಲ್ಲೇ ಹೇಳಿದಳು: "ಅವತ್ತು ನನಗೆ ನೆಗಡಿ ಇತ್ತು. ಹೊರಗಿಂದ ಬಂದೋಳು ಕೈ ತೊಳೀದೆ ಹಾಗೇ ಮಗೂನ ಎತ್ಕೊಂಡೆ. ನಗ್ತು. ಸಾಕಾ? ಅದನ್ನೂ ಬರ್ಕೋ."

ಹಾಗಾದರೆ ಅವತ್ತಿನ ಮಾತು ಚಿಕ್ಕವಳಿಗೆ ಅಂದದ್ದಲ್ಲ, ದೊಡ್ಡವಳು ತನಗೇ ಅಂದುಕೊಂಡದ್ದು. ಚಿಕ್ಕವಳ ಟ್ರಂಕಿನಲ್ಲಿ ದೇವರ ಪಟದ ಕೆಳಗೆ ಡಾಕ್ಟರ ಕಾಗದವೊಂದಿತ್ತು. ಮಗು ಹೋದ ತಿಂಗಳಿಗೆ ಬಂದದ್ದು. ಗಂಡನಿಗೆ ಮಾತ್ರ ತೋರಿಸಿ, ಆಚೆಯವರಿಗೆ ಹೇಳಿದರೆ ನನ್ನ ಮೇಲಾಣೆ ಎಂದಿದ್ದಳು. ಹೇಳಿದರೆ ದೊಡ್ಡವಳು ತಪ್ಪಾಯ್ತು ಅಂದುಬಿಟ್ಟಾಳು, ಆಗ ತನಗೆ ಸಿಟ್ಟಾಗಲು ಏನು ಉಳಿಯುತ್ತದೆ?

"ಮಗೂಗೆ ಹುಟ್ಟುವಾಗಲೇ ಹೃದಯದಲ್ಲಿ ತೂತಿತ್ತಂತೆ" ಎಂದಳು. "ನಿಮ್ಮ ಕೈಯೂ ಅಲ್ಲ, ನನ್ನ ಕೈಯೂ ಅಲ್ಲ. ಡಾಕ್ಟರು ಬರ್ದು ಕೊಟ್ಟಿದ್ರು."

"ಯಾವಾಗ?"

"ಆಗಲೇ."

"ಆಗಲೇ ಅಂದ್ರೆ?"

"ನಾಲ್ಕು ವರ್ಷ ಆಯ್ತು."

ದೊಡ್ಡವಳು ರಟ್ಟನ್ನು ಎಸೆಯಲಿಲ್ಲ. ಹರಿಯಲಿಲ್ಲ. ಮೆಲ್ಲಗೆ ನೆಲದ ಮೇಲಿಟ್ಟು, ಬಿರಿದ ಎರಡೂ ಕೈಗಳನ್ನು ಚಿಕ್ಕವಳ ಮುಖದ ಮುಂದೆ ಹಿಡಿದಳು.

"ನೋಡು. ಸರಿಯಾಗಿ ನೋಡು. ನೋಡಿ ನೋಡಿ ಬರೀತೀಯಂತಲ್ಲ! ನನ್ನ ಸ್ವಂತ ಮಗನ್ನ ಮುಟ್ಟೋಕೆ ಹೆದರ್ಕೊಂಡು ಸತ್ತಿದ್ದೀನಿ ನಾನು. ನೀನು ಕಾಗದ ಇಟ್ಕೊಂಡು ಪೊರಕೆ ಜೊತೆ ಮಾತಾಡ್ತಾ ಕೂತಿದ್ಯಲ್ಲೇ. ಮನುಷ್ಯಳೇನೇ ನೀನು?"

ಚಿಕ್ಕವಳು ಹೋಗಿ ಟ್ರಂಕು ತೆರೆದು, ಕಾಗದ ತಂದು ಗೆರೆ ದಾಟಿ ದೊಡ್ಡವಳ ಒಲೆಯ ಪಕ್ಕ ಇಟ್ಟಳು. ಕಿಟಕಿಯ ಮಾತು ಎತ್ತಲಿಲ್ಲ. ಕೇಳುವ ಬಾಯಿ ತನಗೆ ಇನ್ನಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಭಾನುವಾರ ಪೂರ್ತಿ ಆಚೆ ಕಡೆ ಮಾತಿಲ್ಲ. ಬಾಣಲೆಯ ಜೊತೆಗೂ ಇಲ್ಲ.

ಸೋಮವಾರ ಗಾರೆಯವನು ಬಂದ. ಕೆಂಪು ಗೆರೆಯ ಮೇಲೆ ದಾರ ಕಟ್ಟಿ, "ಶುರು ಮಾಡ್ಲಾ ಅಮ್ಮ?" ಎಂದ. ಚಿಕ್ಕವಳು ತನ್ನ ಪಾತ್ರೆಗಳನ್ನು ಮೂಲೆಗೆ ಸರಿಸುತ್ತಾ, "ಮಾಡಪ್ಪ" ಎಂದಳು.

"ತಡಿ" ಎಂದಳು ದೊಡ್ಡವಳು. ಬಂದವಳೇ ದಾರದ ಮೊಳೆ ಕಿತ್ತು, ಕಿಟಕಿಯ ಎರಡು ಬಾಗಿಲು ಕೂಡುವ ನಡುಗಂಬದ ನೇರಕ್ಕೆ ಹೊಡೆದಳು. "ಇಲ್ಲಿಂದ ಕಟ್ಟು."

"ಅಕ್ಕಾ, ನಿಮ್ಮ ಜಾಗ ಒಂದೂವರೆ ಅಡಿ ಹೋಗುತ್ತೆ" ಎಂದ ಗಾರೆಯವನು. "ಆಮೇಲೆ ಯಜಮಾನ್ರು ನನ್ನ ಬೈತಾರೆ."

"ಯಜಮಾನ್ರು ಅನ್ನ ಬೇಯಿಸ್ತಾರಾ ಇಲ್ಲಿ? ಹೇಳಿದಷ್ಟು ಮಾಡು. ಅರ್ಧ ಕಿಟಕಿ ಅವಳಿಗೆ, ಅರ್ಧ ನನಗೆ. ಗೋಡೆ ಮಾತ್ರ ಸೂರು ಮುಟ್ಟಬೇಕು. ಒಂದು ಇಂಚು ಕಡಿಮೆ ಆಗಬಾರ್ದು."

ಚಿಕ್ಕವಳು ಬೆಪ್ಪಾಗಿ ನಿಂತಳು. "ಅಕ್ಕ..."

"ನೀನು ಮಾತಾಡ್ಬೇಡ!" ದೊಡ್ಡವಳು ತಿರುಗಿ ನೋಡಲೂ ಇಲ್ಲ. "ಕತ್ತಲಲ್ಲಿ ಕೂತ್ರೆ ಇನ್ನೇನೇನು ಬಚ್ಚಿಡ್ತೀಯೋ. ಬೆಳಕಲ್ಲೇ ಸಾಯಿ."

ಮೂರು ದಿನದಲ್ಲಿ ಗೋಡೆ ಎದ್ದಿತು. ದೊಡ್ಡವಳು ಎದುರಿಗೆ ನಿಂತು ಸೂರಿನವರೆಗೂ ಕಟ್ಟಿಸಿದಳು. ಕೆಂಪು ಗೆರೆ ಚಿಕ್ಕವಳ ಕಡೆಯ ನೆಲದ ನಡುವೆ ಕೆಲಸವಿಲ್ಲದೆ ಉಳಿಯಿತು.

ಮರುದಿನ ಎಲ್ಲರೂ ಹೊರಟ ಮೇಲೆ ಚಿಕ್ಕವಳು ಕಿಟಕಿಯ ತನ್ನ ಪಾಲಿನ ಬಾಗಿಲು ತಳ್ಳಿದಳು. ಎರಡು ವರ್ಷ ಸೋಸಿ ಬರುತ್ತಿದ್ದ ಬಿಸಿಲು ಇವತ್ತು ನೇರವಾಗಿ ಮುಖಕ್ಕೆ ಹೊಡೆಯಿತು. ಕಣ್ಣು ಕತ್ತಲಿಟ್ಟು, ಆಮೇಲೆ ನಿಧಾನವಾಗಿ ತಿಳಿಯಾಯಿತು. ಹೊಸ ಗೋಡೆ ಇನ್ನೂ ಹಸಿಯಾಗಿತ್ತು. ಗಾರೆಯವನ ಕರಣೆ ಎಳೆದ ಗುರುತುಗಳು ಅದರ ಮೈಮೇಲೆ ಅಲೆಅಲೆಯಾಗಿದ್ದವು. ಬೂದಿ ಬಣ್ಣ ಒಂದೇ ಅಂದುಕೊಂಡಿದ್ದಳು. ಹಸಿಯ ಬೂದಿ ಬೇರೆ, ಆರುತ್ತಿರುವ ಬೂದಿ ಬೇರೆ, ಬಿಸಿಲು ತಾಗಿದ ಬೂದಿ ಇನ್ನೊಂದೇ. ಅವಳು ಹೊಸ ರಟ್ಟು ತೆಗೆದು ಗೋಡೆಯ ಎದುರು ಕೂತಳು. ಕ್ಷಮಿಸು ಎಂದು ಯಾರನ್ನೂ ಕೇಳಲಿಲ್ಲ. ಅದಕ್ಕೆ ಮೊದಲು ಅವಳು ಸರಿಯಾಗಿ ನೋಡಬೇಕಿತ್ತು.

ಆಚೆ ಕಡೆಯಿಂದ ಪಾತ್ರೆ ತೊಳೆದ ನೀರು ಬೇಕಂತಲೇ ಜೋರಾಗಿ ಕಿಟಕಿಯಾಚೆ ಬಿತ್ತು. ಒಂದಿಷ್ಟು ಸಿಡಿದು ಇವಳ ಬಾಗಿಲಿನ ಗಾಜಿಗೆ ಹತ್ತಿತು. ಒರೆಸಲೆಂದು ಬಟ್ಟೆ ಎತ್ತಿದವಳು ಅಲ್ಲೇ ನಿಂತಳು. ಪ್ರತಿ ಹನಿಯೊಳಗೂ ಕಿಟಕಿಯೊಂದು ಇಡಿಯಾಗಿ ಕಾಣುತ್ತಿತ್ತು. ಬಟ್ಟೆ ಕೆಳಗಿಟ್ಟು, ಹನಿಗಳು ಇಳಿದು ಹೋಗುವ ಮೊದಲೇ ಕುಂಚ ಅದ್ದಿದಳು.