ಅಪ್ಪನ ಮೆಲುದನಿ

ಮಗಳು ಅಮ್ಮನ ಎಡಗಿವಿಯ ಹಿಂದೆ ಬೆರಳಿಟ್ಟು ಶ್ರವಣಯಂತ್ರವನ್ನು ಮೆಲ್ಲಗೆ ಎಳೆದಳು. ನರೆತ ಕೂದಲೊಂದು ಅದಕ್ಕೆ ಸಿಕ್ಕಿಕೊಂಡಿತ್ತು. ನೋವಾದೀತೇನೋ ಎಂಬಂತೆ ನಿಧಾನವಾಗಿ ಬಿಡಿಸಿದಳು. ಬಲಗಿವಿಯದೂ ಬಂತು.

"ಬ್ಯಾಟರಿ ಇರೋದೇನೂ ಮೈಮೇಲೆ ಬಿಡ್ಬೇಡಿ, ಬೆಂಕಿಗೆ ಸಿಕ್ರೆ ಸಿಡಿಯುತ್ತೆ," ಎಂದು ಶವದ ಗಾಡಿಯ ಚಾಲಕ ಆಗಲೇ ಹೇಳಿಹೋಗಿದ್ದ.

ಮುಷ್ಟಿಯೊಳಗೆ ಯಂತ್ರಗಳು ಕುಯ್ ಎಂದವು.

"ಏನೇ ಅದು ಸದ್ದು?" ಚಿಕ್ಕಮ್ಮ ಬೆಚ್ಚಿದಳು.

"ಅಮ್ಮನ ಕಿವೀದು. ಕೈಯಲ್ಲಿ ಮುಚ್ಚಿದ್ರೆ ಹೀಗೇ ಕೂಗುತ್ತೆ."

"ಮಲಗಿದ್ರೂ ಅಕ್ಕನದೇ ದರ್ಬಾರು ನೋಡು," ಎಂದು ನಗಲು ಹೋದ ಚಿಕ್ಕಮ್ಮ ಅತ್ತುಬಿಟ್ಟಳು. "ನಿಮ್ಮಪ್ಪ ಎಲ್ಲಿ? ಬೆಳಗ್ಗಿಂದ ಒಂದು ಮಾತಿಲ್ಲ. ಹೆಂಡ್ತಿ ಹತ್ರ ಬಂದು ಕೂರಲೂ ಇಲ್ಲ."

"ಒಳಕೋಣೇಲಿದ್ದಾರೆ. ಇಷ್ಟು ಜನರ ಮುಂದೆ ಅವ್ರಿಗೆ ಬಾಯಿ ಬರಲ್ಲ ಚಿಕ್ಕಮ್ಮ."

*

ಗಿರಣಿಯ ಗದ್ದಲದಲ್ಲಿ ನೂಲು ತೆಗೆದೂ ತೆಗೆದೂ ಅಮ್ಮನ ಕಿವಿ ಮಂದವಾಗಿತ್ತು. ಅಪ್ಪ ಗಡಿಯಾರ ರಿಪೇರಿಯವನು. ಅವನ ದನಿ ಪಕ್ಕದಲ್ಲಿ ಕೂತವರಿಗೇ ಸರಿಯಾಗಿ ಕೇಳುತ್ತಿರಲಿಲ್ಲ. ಅವಳಿಗಾಗಿ ಕೂಗಬೇಕಿತ್ತು. ಪ್ರೀತಿಯ ಮಾತನ್ನು ಕೂಗಿ ಹೇಳಿದರೆ ಬೀದಿಗೆಲ್ಲ ಜಗಳದಂತೆ ಕೇಳಿಸುತ್ತಿತ್ತು. ಕ್ರಮೇಣ ಅಪ್ಪ ಊಟ, ಬಾಗಿಲು, ಔಷಧಿ ಎಂಬಷ್ಟಕ್ಕೆ ಇಳಿದ.

ಹೊಸ ಯಂತ್ರ ತಂದ ದಿನ ಮಗಳು ಅದನ್ನು ಬ್ಲೂಟೂತ್‌ನಲ್ಲಿ ಅಪ್ಪನ ಫೋನಿಗೆ ಜೋಡಿಸಿಕೊಟ್ಟಳು.

"ಈ ಗುಂಡಿ ಒತ್ತಿ ಮಾತಾಡಿದ್ರೆ ಸಾಕಪ್ಪ. ಪಕ್ಕದ ಕೋಣೆಯಿಂದ್ಲೂ ಸೀದಾ ಅಮ್ಮನ ಕಿವಿಗೇ ಹೋಗುತ್ತೆ."

ಒತ್ತುವುದನ್ನು ಕಲಿತ ಅಪ್ಪ ಆರಿಸುವುದನ್ನು ಮರೆತ. ಅದೇ ಸಂಜೆ ಮುಂದಿನ ಕೋಣೆಯಲ್ಲಿ ಚಿಕ್ಕಮ್ಮನ ಹತ್ತಿರ, "ನಿಮ್ಮಕ್ಕನ ಅಡುಗೇಲಿ ಉಪ್ಪು ಅನ್ನೋದೇ ಇರಲ್ಲಮ್ಮ," ಎಂದು ಪಿಸುಗುಟ್ಟಿದ.

"ಡಬ್ಬೀನೇ ತಂದು ಮುಂದಿಡ್ಲಾ?" ಎಂದು ಅಡುಗೆಮನೆಯಿಂದ ಅಮ್ಮ ಕೂಗಿದಳು.

ಆಮೇಲೆ ಅಪ್ಪ ಬೇಕೆಂದೇ ಮಾತಾಡತೊಡಗಿದ, ಅವನೊಂದು ಕೋಣೆ, ಅವಳೊಂದು ಕೋಣೆ. ಸೊಪ್ಪು ಬಿಡಿಸುತ್ತ ಅಮ್ಮ ತನ್ನಷ್ಟಕ್ಕೆ ನಗುವಳು. ಅಪ್ಪ ಏನಂದರು ಎಂದು ಕೇಳಿದರೆ, "ನಿನಗ್ಯಾಕೇ ಅದೆಲ್ಲ," ಎನ್ನುವಳು.

*

ಹೊರಗೆ ಹಾರ್ನ್ ಆಯಿತು. ಬ್ಯಾಟರಿ ತೆಗೆಯಲು ಮಗಳು ಉಗುರು ಹಾಕಿದಳು. ಅಷ್ಟರಲ್ಲಿ ಅಂಗೈಯಿಂದ ಸೊಳ್ಳೆಯಷ್ಟು ಸಣ್ಣ ದನಿ ಎದ್ದಿತು.

"ಕೇಳಿಸ್ತಿದ್ಯೇನೇ?"

ಅವಳ ಕೈ ನಿಂತಿತು. ಒಳಕೋಣೆಯ ಬಾಗಿಲು ಮುಚ್ಚಿತ್ತು.

"ಬೆಳಗ್ಗಿಂದ ಹೇಳ್ಬೇಕು ಅಂದ್ಕೊಂಡೆ. ಜನ..."

ಯಂತ್ರಗಳು ಅಮ್ಮನ ಕಿವಿಯಲ್ಲಿಲ್ಲ ಎಂಬುದು ಅಪ್ಪನಿಗೆ ಗೊತ್ತಿಲ್ಲ. ಮಗಳ ಕೈ ತನ್ನ ಕಿವಿಯ ಕಡೆಗೇ ಏರಿತು, ಅರ್ಧಕ್ಕೇ ನಿಂತಿತು. ಅವಳು ಬಗ್ಗಿ ಯಂತ್ರಗಳನ್ನು ಮತ್ತೆ ಅಮ್ಮನ ಕಿವಿಗೆ ತೊಡಿಸತೊಡಗಿದಳು.

"ಏನೇ ಇದು? ಈಗ ತಾನೇ ತೆಗ್ದೆ! ಡ್ರೈವರ್ ಬೈತಾನೆ."

"ಒಂಚೂರು ಇರು ಚಿಕ್ಕಮ್ಮ. ಅಪ್ಪ ಮಾತಾಡ್ತಿದ್ದಾರೆ."

ಚಿಕ್ಕಮ್ಮ ಮುಚ್ಚಿದ ಬಾಗಿಲನ್ನೇ ನೋಡಿದಳು. ಆಮೇಲೆ ಹೊಸ್ತಿಲಿಗೆ ಹೋಗಿ, ತಾಳು ಎಂದು ಚಾಲಕನಿಗೆ ಕೈ ಎತ್ತಿದಳು.

ಬಲಗಿವಿಯದು ಸಡಿಲಾಗಿ ಜಾರುತ್ತಿತ್ತು. ಮಗಳು ಮಂಡಿಯೂರಿ, ಅದು ಬೀಳದಂತೆ ಅಮ್ಮನ ತಣ್ಣನೆಯ ಕೆನ್ನೆಗೆ ಅಂಗೈ ಆನಿಸಿದಳು. ತನಗೆ ಕೇಳಿಸದಿರಲೆಂದು ಮುಖವನ್ನು ಆಚೆ ತಿರುಗಿಸಿ, ಹಾಗೇ ಹಿಡಿದುಕೊಂಡಿದ್ದಳು.