ಕೂಗಿ ನೋಡಿದ ಹೆಸರು

ಪಾತ್ರೆಗಳಿಗೆ ಸೋಪು ಹಚ್ಚಿದ್ದೆನಷ್ಟೆ, ನಾದಿನಿ ಲ್ಯಾಪ್‌ಟಾಪನ್ನು ಕಂಕುಳಲ್ಲಿ ಇರುಕಿಕೊಂಡು ಬಂದಳು.

“ಅತ್ತಿಗೆ, ವೆಬ್‌ಸೈಟಿಗೆ ಇವತ್ತು ಹೆಸರು ಆಗ್ಲೇಬೇಕು. ಇಲ್ಲಾಂದ್ರೆ ನೀವು ಹೊಲಿದಿರೋ ಫ್ರಾಕೆಲ್ಲ ಇಲ್ಲೇ ಮುದುಕಿಯರಾಗ್ತವೆ.”

ಮಕ್ಕಳ ಬಟ್ಟೆ ಹೊಲಿದು ಮಾರುವುದು ನನ್ನ ಕೆಲಸ. ಹೆಸರಿಗಾಗಿ ಇಬ್ಬರೂ ಬಹಳ ದಿನದಿಂದ ತಲೆ ಕೆರೆದುಕೊಂಡಿದ್ದೆವು. ಚೆಂದದವನ್ನೆಲ್ಲ ಯಾರೋ ಆಗಲೇ ಹಿಡಿದಿದ್ದರು; ಉಳಿದವು ರೈಲಿನಷ್ಟು ಉದ್ದ. ಸಾಲದ್ದಕ್ಕೆ ನಾದಿನಿಯದೊಂದು ಪರೀಕ್ಷೆ. ಒಬ್ಬರು ಒಳಗಿನಿಂದ ಹೆಸರು ಕೂಗಬೇಕು, ಹೊರಗಿದ್ದವರು ಒಂದೇ ಸಲಕ್ಕೆ ಕೇಳಿ ಟೈಪ್ ಮಾಡಬೇಕು. ‘ಏನಂದ್ರಿ?’ ಎಂದರೆ ಆ ಹೆಸರು ಫೇಲ್.

ಅವಳು ಹೊರಗೆ ಜಗಲಿಗೆ ಹೋಗಿ ಕೂತಳು. ಕೈಯ ನೊರೆಯಲ್ಲೇ ಅಡುಗೆಮನೆಯಿಂದ ಕೂಗಿದೆ. “ಪುಟಾಣಿ ಉಡುಪು ಲೋಕ!”

“ಒಂದು ಹೊಲಿಗೆ ಮಷಿನ್ ಇಟ್ಕೊಂಡು ಲೋಕ ಎಲ್ಲಾ ಯಾಕೆ ಅತ್ತಿಗೆ? ಚಿಕ್ಕದು ಹೇಳಿ. ಬಾಯಿಗೆ ತಾನಾಗೇ ಬರೋ ಅಂಥದ್ದು.”

ತಾನಾಗೇ ಬಂತು. “ಮಿಣುಕೂ...”

ನನ್ನ ದೊಡ್ಡ ಮಗಳನ್ನು ಹಾಗೆ ಕರೆಯುತ್ತಿದ್ದೆ. ಜ್ವರದಲ್ಲಿ ಅವಳು ಹೋದಮೇಲೆ ಈ ಮನೆಯಲ್ಲಿ ಯಾರೂ ಆ ಹೆಸರೆತ್ತಿರಲಿಲ್ಲ. ಆಮೇಲೆ ಹುಟ್ಟಿದ ಚಿಕ್ಕವಳಿಗೆ ಅಕ್ಕ ಇದ್ದಳೆಂದೇ ಹೇಳಿಲ್ಲ. ಎಳೆ ಮನಸ್ಸು, ಹೆದರೀತು ಎಂದು. ಆದರೂ ಅವಳು ಹಾಸಿಗೆಯಲ್ಲಿ ಗೋಡೆ ಕಡೆಯ ಅರ್ಧ ಬಿಟ್ಟೇ ಮಲಗುತ್ತಾಳೆ. “ಅಮ್ಮಾ, ಒಂದು ಕೇಳ್ಲಾ?” ಎಂದು ಶುರುಮಾಡಿ, ನನ್ನ ಮುಖ ನೋಡಿ, “ಏನಿಲ್ಲ ಬಿಡು” ಅಂದುಬಿಡುತ್ತಾಳೆ.

ನಡುಕೋಣೆಯಿಂದ ಎಳೆ ದನಿಯೊಂದು ಓಗೊಟ್ಟಿತು. “ಬಂದೇ...”

ನಾದಿನಿ ಅಡುಗೆಮನೆ ಬಾಗಿಲಿಗೆ ಬಂದು ನಿಂತಳು.

“ಹೆಸರು ಖಾಲಿ ಇದೆ, ಯಾರೂ ತೊಗೊಂಡಿಲ್ಲ. ಆದ್ರೆ ಇದು ಬೇಡ ಅತ್ತಿಗೆ. ನಾಳೆ ಚಿಕ್ಕವಳು ಯಾರ ಹೆಸರು ಅಂದ್ರೆ ಏನು ಹೇಳ್ತೀರಾ?”

“ಅವಳೇ ಓಗೊಟ್ಟಳಲ್ಲ, ಕೇಳಿಸ್ಲಿಲ್ವಾ?”

“ಕೇಳಿಸ್ತು.” ನಾದಿನಿಯ ಕಣ್ಣು ನನ್ನ ಬೆನ್ನ ಹಿಂದಕ್ಕೆ ಹೋಯಿತು.

ಅಡುಗೆಮನೆ ಹಿಂದಿನ ಬಚ್ಚಲ ಬಾಗಿಲಲ್ಲಿ ಚಿಕ್ಕವಳು ನಿಂತಿದ್ದಳು. ಕೈಯಲ್ಲಿ ಬ್ರಷ್ಷು, ಬಾಯಿ ತುಂಬ ನೊರೆ, ಎರಡೂ ಕೆನ್ನೆ ಪೂರಿಯಂತೆ ಉಬ್ಬಿದ್ದವು. ಆ ಬಾಯಿಂದ ಒಂದು ಅಕ್ಷರವೂ ಹೊರಡುವಂತಿರಲಿಲ್ಲ.

ನಡುಕೋಣೆಯ ಕಿಟಕಿ ಮುಚ್ಚಿತ್ತು. ಸಾಲಾಗಿ ನೇತುಹಾಕಿದ್ದ ಫ್ರಾಕುಗಳಲ್ಲಿ ಒಂದು ಮಾತ್ರ, ಯಾರೋ ಸವರಿಕೊಂಡು ಹೋದಂತೆ, ಮೆಲ್ಲಗೆ ತೂಗುತ್ತಿತ್ತು.

ಚಿಕ್ಕವಳು ನೊರೆ ಉಗುಳಿ, ಬಾಯೊರೆಸಿಕೊಂಡು ಬಂದು ನನ್ನ ಸೆರಗು ಹಿಡಿದಳು. ಮುಖದಲ್ಲಿ ಹೆದರಿಕೆ ಇರಲಿಲ್ಲ. ಹೆದರಿದ್ದವಳು ನಾನೇ.

“ಅಮ್ಮಾ, ಒಂದು ಕೇಳ್ಲಾ?”

‘ಏನಿಲ್ಲ ಬಿಡು’ ಅನ್ನುತ್ತಾಳೇನೋ ಎಂದು ಕಾದೆ. ಅನ್ನಲಿಲ್ಲ. ಒದ್ದೆ ಕೈಯಲ್ಲೇ ಅವಳ ತಲೆ ನೇವರಿಸಿದೆ.

“ಕೇಳು ಕಂದಾ.”

“ಗೋಡೆ ಕಡೆ ಮಲಗ್ತಾಳಲ್ಲ ಮಿಣುಕು, ಅವಳು ನಂಗೆ ಏನಾಗ್ಬೇಕು?”